ಓಟ ನಿಲ್ಲಿಸಿದ ಮೇಲೆ ದಮ್ಮು ಹತ್ತುತ್ತದೆಯೇ? ಗಡಿಯಾರ ನೋಡಿಕೊಳ್ಳಿ

ಧಾರವಾಡದಲ್ಲಿ ಬೆಳಗಿನ ಐದೂವರೆಗೆ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದ ಕಡೆ ಹೋದರೆ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರ ದಂಡೇ ಸಿಗುತ್ತದೆ. ಹಗಲೆಲ್ಲ ಕೋಚಿಂಗ್ ಕ್ಲಾಸು, ನಸುಕಿನಲ್ಲಿ ಓಟ. ಪೊಲೀಸ್ ಪೇದೆ ಹುದ್ದೆಗೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಮುಗಿಸಿ ಬಂದವರೆಲ್ಲ ಏದುಸಿರು ಬಿಡುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಎರಡು ಮೂರು ನಿಮಿಷದಲ್ಲಿ ಹೆಚ್ಚಿನವರ ಉಸಿರು ಹದಕ್ಕೆ ಬರುತ್ತದೆ, ಹರಟೆ ಶುರುವಾಗುತ್ತದೆ. ಒಬ್ಬಿಬ್ಬರು ಮಾತ್ರ ಮೊಣಕಾಲಿಗೆ ಕೈ ಊರಿ ಕೆಮ್ಮುತ್ತಲೇ ಇರುತ್ತಾರೆ. ಓಡುವಾಗ ಇದ್ದದ್ದಕ್ಕಿಂತ ನಿಂತ ಮೇಲೇ ಅವರಿಗೆ ಕಷ್ಟ ಜಾಸ್ತಿ. "ಸ್ಟ್ಯಾಮಿನಾ ಇಲ್ಲಲೇ ನಿನಗ" ಅಂತ ಗೆಳೆಯರು ಷರಾ ಬರೆದುಬಿಡುತ್ತಾರೆ.

ಸ್ಟ್ಯಾಮಿನಾ ಕಡಿಮೆ ಇರುವವನಿಗೆ ಓಡುವಾಗ ಸುಸ್ತಾಗುತ್ತದೆ, ನಿಂತರೆ ಸರಿಹೋಗುತ್ತದೆ. ನಿಂತ ಮೇಲೆ ಎದೆ ಬಿಗಿಯುತ್ತಿದ್ದರೆ ಅದು ವ್ಯಾಯಾಮದಿಂದ ಬರುವ ಅಸ್ತಮಾ ಇರಬಹುದು. ಇದನ್ನು ಕಂಡುಹಿಡಿಯುವುದೂ, ಹತೋಟಿಗೆ ತರುವುದೂ ಬಹುಪಾಲು ಹೊತ್ತಿನ ಲೆಕ್ಕ. ಯಾವಾಗ ಕೆಮ್ಮು ಬಂತು, ಯಾವಾಗ ಪಂಪ್ (ಇನ್‌ಹೇಲರ್) ತೆಗೆದುಕೊಳ್ಳಬೇಕು, ಎಷ್ಟು ಹೊತ್ತು ಮೈ ಬಿಸಿ ಮಾಡಿಕೊಳ್ಳಬೇಕು ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಒಳಗೆ ಆಗುವುದೇನು?

ಸುಮ್ನೆ ಕೂತಿದ್ದಾಗ ಮೂಗಿನಿಂದ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಬೆರೆಸಿ, ಧೂಳು ಸೋಸಿ ಒಳಗೆ ಬಿಡುತ್ತದೆ. ಜೋರಾಗಿ ಓಡುವಾಗ ಬಾಯಿ ತೆರೆಯಲೇಬೇಕು. ಆಗ ತಣ್ಣನೆಯ ಒಣಗಾಳಿ ನೇರವಾಗಿ ಶ್ವಾಸನಾಳಕ್ಕೆ ಹೋಗಿ ಅದರ ಒಳಪದರದ ನೀರನ್ನು ಹೀರಿಕೊಳ್ಳುತ್ತದೆ. ಒಣಗಿದ ಪದರದಲ್ಲಿರುವ ಕೆಲವು ಜೀವಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್‌ನಂಥ ವಸ್ತುಗಳನ್ನು ಬಿಡುತ್ತವೆ. ಅವು ನಾಳದ ಸುತ್ತಲಿನ ಸ್ನಾಯುವನ್ನು ಬಿಗಿಯುತ್ತವೆ, ದಾರಿ ಕಿರಿದಾಗುತ್ತದೆ. ಸುಯ್ ಅನ್ನುವ ಸದ್ದು ಅಲ್ಲಿಂದಲೇ ಬರುವುದು.

ಮಾಗಿ ಚಳಿಯಲ್ಲಿ ಇದು ಜಾಸ್ತಿಯಾಗುವುದು ಅದಕ್ಕೇ. ಮೊದಲೇ ಅಸ್ತಮಾ ಇರುವ ಬಹಳ ಜನರಿಗೆ ಓಟದಿಂದ ತೊಂದರೆಯಾಗುತ್ತದೆ. ಬೇರೆ ಹೊತ್ತಿನಲ್ಲಿ ಏನೂ ಇಲ್ಲದೆ, ಓಡಿದಾಗ ಮಾತ್ರ ಕಾಣಿಸಿಕೊಳ್ಳುವವರೂ ಇದ್ದಾರೆ.

ಹೆಜ್ಜೆ 1: ಎರಡು ವಾರ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಸಾಕು. ಓಟ ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ಕೆಮ್ಮು ಅಥವಾ ಎದೆ ಬಿಗಿತ ಶುರುವಾದ ಹೊತ್ತು, ಪೂರ್ತಿ ಹೋದ ಹೊತ್ತು. ಜೊತೆಗೆ ಅವತ್ತಿನ ಹವೆ ಹೇಗಿತ್ತು, ಎಲ್ಲಿ ಓಡಿದಿರಿ, ನೆಗಡಿ ಇತ್ತಾ ಎಂಬುದನ್ನೂ ಬರೆಯಿರಿ.

ಈ ಅಸ್ತಮಾಕ್ಕೆ ಒಂದು ಚಾಳಿ ಇದೆ. ಐದಾರು ನಿಮಿಷ ಜೋರಾಗಿ ಓಡಿದ ಮೇಲೆ ಅಥವಾ ನಿಂತ ಕೂಡಲೇ ಶುರುವಾಗಿ, ನಿಂತ 5ರಿಂದ 10 ನಿಮಿಷದಲ್ಲಿ ಜೋರಾಗುತ್ತದೆ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಾನೇ ಇಳಿಯುತ್ತದೆ. ನಿಮ್ಮ ಬರಹದಲ್ಲಿ ಇದೇ ಚಾಳಿ ಮತ್ತೆ ಮತ್ತೆ ಕಂಡರೆ ಡಾಕ್ಟರ ಹತ್ತಿರ ಹೋಗುವ ಹೊತ್ತು ಬಂದಿದೆ ಎಂದೇ ಅರ್ಥ. ಸಣ್ಣ ಮಕ್ಕಳು ಎದೆ ಬಿಗಿಯುತ್ತದೆ ಅಂತ ಹೇಳುವುದಿಲ್ಲ. ಖೋಖೋ ಆಟದಲ್ಲಿ ನಡುವೆಯೇ ಕೂತುಬಿಡುತ್ತಾರೆ, ಪಿಟಿ ಪಿರಿಯಡ್ಡಿಗೆ ಹೊಟ್ಟೆನೋವಿನ ನೆಪ ಹೇಳುತ್ತಾರೆ. ಮೈಗಳ್ಳತನ ಅಂತ ಬೈಯುವ ಮುಂಚೆ ಆಟವಾದ ಹತ್ತು ನಿಮಿಷಕ್ಕೆ ಆ ಮಗುವಿನ ಬೆನ್ನಿಗೆ ಕಿವಿ ಇಟ್ಟು ಕೇಳಿ.

ಹೆಜ್ಜೆ 2: ಬೇರೆ ಕಾರಣ ಇದೆಯಾ ನೋಡಿ

ದಮ್ಮೆಲ್ಲ ಅಸ್ತಮಾ ಆಗಬೇಕಿಲ್ಲ. ಉಸಿರು ಒಳಗೆ ಎಳೆಯುವಾಗ ಗಂಟಲಲ್ಲಿ ಗೊರ್ ಅನ್ನುತ್ತಿದ್ದರೆ, ಗಂಟಲು ಹಿಸುಕಿದ ಹಾಗಾಗಿ ನಿಂತ ಕೆಲವೇ ನಿಮಿಷದಲ್ಲಿ ಪೂರ್ತಿ ಹೋಗುತ್ತಿದ್ದರೆ, ಅದು ಧ್ವನಿಪೆಟ್ಟಿಗೆಯ ತೊಂದರೆ ಇರಬಹುದು. ಅದಕ್ಕೆ ಪಂಪ್ ಕೆಲಸ ಮಾಡುವುದಿಲ್ಲ. ಹುಡುಗಿಯರಲ್ಲಿ ರಕ್ತಹೀನತೆಯೂ ಹೀಗೇ ಏದುಸಿರು ತರಿಸುತ್ತದೆ. ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಬಿಡಿ.

ಓಡುವಾಗ ಎದೆ ನೋವು ಬಂದರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಅವತ್ತೇ ಓಟ ನಿಲ್ಲಿಸಿ. ಮೊದಲು ಹೃದಯದ ತಪಾಸಣೆ ಆಗಲಿ.

ಹೆಜ್ಜೆ 3: ಊದಿ ನೋಡುವ ಪರೀಕ್ಷೆ

ಇಲ್ಲಿ ಅನೇಕರು ದಾರಿ ತಪ್ಪುತ್ತಾರೆ. ಡಾಕ್ಟರ ಮುಂದೆ ಕೂತಾಗ ನೀವು ಆರಾಮ ಇರುತ್ತೀರಿ. ಸ್ಟೆತಸ್ಕೋಪ್ ಇಟ್ಟರೂ ಏನೂ ಕೇಳುವುದಿಲ್ಲ, ಎಕ್ಸ್‌ರೇಯೂ ಸ್ವಚ್ಛ. "ಏನೂ ಇಲ್ಲ, ಅಲರ್ಜಿ ಕೆಮ್ಮು" ಅಂತ ಸಿರಪ್ ಬರೆದು ಕಳಿಸಿದರೆ ಮುಗಿಯಿತು, ಮುಂದಿನ ಮಾಗಿಗೆ ಮತ್ತೆ ಅದೇ ರಾಗ. ಆದ್ದರಿಂದ ನೋಟ್‌ಬುಕ್ ತೋರಿಸಿ. ಸ್ಪೈರೋಮೆಟ್ರಿ, ಅಂದರೆ ಊದಿ ನೋಡುವ ಪರೀಕ್ಷೆ, ಮಾಡಬಹುದಾ ಅಂತ ಬಾಯಿ ಬಿಟ್ಟು ಕೇಳಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗದ ಜಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಶ್ವಾಸಕೋಶ ವಿಭಾಗದಲ್ಲಿ ವಿಚಾರಿಸಿ.

ಕೊಳವೆಗೆ ಬಾಯಿ ಇಟ್ಟು ಒಂದೇ ದಮ್ಮಿಗೆ ಜೋರಾಗಿ ಊದಬೇಕು. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅನ್ನುವುದೇ ಮುಖ್ಯ. ಇದು ಸರಿ ಇದ್ದರೆ ವ್ಯಾಯಾಮದ ಪರೀಕ್ಷೆ: ಟ್ರೆಡ್‌ಮಿಲ್ ಮೇಲೆ 6ರಿಂದ 8 ನಿಮಿಷ ಜೋರಾಗಿ ಓಡಿಸಿ, ನಿಂತ ಮೇಲೆ 5, 10, 15, 30ನೇ ನಿಮಿಷಕ್ಕೆ ಮತ್ತೆ ಊದಿಸುತ್ತಾರೆ. ಆ ಅಂಕಿ ಶೇ. 10 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ವ್ಯಾಯಾಮದಿಂದ ನಾಳ ಬಿಗಿಯುತ್ತಿದೆ ಅಂತ ಲೆಕ್ಕ. ಗಮನಿಸಿದಿರಾ? ಆ ಟ್ರೆಡ್‌ಮಿಲ್ ಓಟದ ಹೊತ್ತೂ, ನಮ್ಮ 1600 ಮೀಟರಿನ ಹೊತ್ತೂ ಹೆಚ್ಚುಕಡಿಮೆ ಒಂದೇ. ಈ ಕಾಯಿಲೆಯನ್ನು ಎಬ್ಬಿಸಲು ಹೇಳಿ ಮಾಡಿಸಿದ ದೂರ ಅದು. 100 ಮೀಟರಿನಲ್ಲಿ ಮುಂದಿರುವ ಹುಡುಗ 1600ರಲ್ಲಿ ಕೆಮ್ಮುತ್ತಾ ಹಿಂದೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಮನೆಯಲ್ಲೇ ಅಂದಾಜು ಮಾಡಲು ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಬೆಲೆ ದುಬಾರಿಯಲ್ಲ. ಓಡುವ ಮುಂಚೆ ಮೂರು ಸಲ ಊದಿ ಜಾಸ್ತಿ ಬಂದ ಅಂಕಿ ಬರೆದುಕೊಳ್ಳಿ. ಓಡಿದ ಮೇಲೆ ಅದೇ ನಿಮಿಷಗಳಿಗೆ ಮತ್ತೆ ಊದಿ. ಮೊದಲು 500 ಇದ್ದದ್ದು ಆಮೇಲೆ 410 ಆದರೆ ಶೇ. 18 ಬಿದ್ದ ಹಾಗಾಯಿತು. ಶೇ. 15 ದಾಟಿದರೆ ಅನುಮಾನ ಗಟ್ಟಿ. ಇದನ್ನು ಒಬ್ಬರೇ ಮಾಡಬೇಡಿ, ಜೊತೆಗೆ ಯಾರಾದರೂ ಇರಲಿ.

ಹೆಜ್ಜೆ 4: ಪಂಪಿನ ಹೆದರಿಕೆ ಬಿಡಿ, ಹೊತ್ತು ಕಲಿಯಿರಿ

"ಒಮ್ಮೆ ಪಂಪ್ ಹಚ್ಚಿಕೊಂಡ್ರ ಸಾಯೂತನಕ ಬಿಡೂದಿಲ್ಲ" ಅನ್ನುವ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಅದು ಸುಳ್ಳು. ಪಂಪ್ ಚಟವಾಗುವುದಿಲ್ಲ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಪಂಪಿನ ಔಷಧ ನೇರ ಎದೆಗೇ ಹೋಗುವುದರಿಂದ ಪ್ರಮಾಣವೂ ಬಹಳ ಕಡಿಮೆ. ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ ಅವರಿಗೆ ಹದಿಹರೆಯದಿಂದಲೂ ವ್ಯಾಯಾಮದ ಅಸ್ತಮಾ ಇತ್ತು. ಅವರು 2003ರ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿ ಮಹಿಳೆಯರ ವಿಶ್ವದಾಖಲೆ ಬರೆದರು.

ಸಾಮಾನ್ಯವಾಗಿ ಕೊಡುವುದು ನಾಳ ಸಡಿಲಿಸುವ ಸಾಲ್ಬುಟಮಾಲ್ ಪಂಪ್. ಡಾಕ್ಟರು ಬೇರೆ ಹೇಳದಿದ್ದರೆ ಓಟಕ್ಕೆ 10ರಿಂದ 15 ನಿಮಿಷ ಮೊದಲು ಎರಡು ಪಫ್, ಅಂದರೆ ಎರಡು ಸಲ ಒತ್ತಿ ಎಳೆಯುವುದು. ಮೈದಾನಕ್ಕೆ ಬಂದು ಶೂ ಕಟ್ಟುತ್ತಾ ತೆಗೆದುಕೊಂಡು ತಕ್ಷಣ ಓಡಿದರೆ ಪೂರ್ತಿ ಲಾಭ ಸಿಗುವುದಿಲ್ಲ. ಎರಡು ಮೂರು ಗಂಟೆ ಇದರ ರಕ್ಷಣೆ ಇರುತ್ತದೆ.

ಎಳೆಯುವ ರೀತಿ ಹೀಗೆ. ಮುಚ್ಚಳ ತೆಗೆದು ಚೆನ್ನಾಗಿ ಅಲ್ಲಾಡಿಸಿ. ಹೊಸದಾಗಿದ್ದರೆ ಅಥವಾ ಬಹಳ ದಿನ ಬಳಸಿಲ್ಲದಿದ್ದರೆ ಒಂದೆರಡು ಸಲ ಗಾಳಿಗೆ ಒತ್ತಿ. ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನ ಎಳೆಯಲು ಶುರು ಮಾಡುತ್ತಲೇ ಒಂದು ಸಲ ಒತ್ತಿ. ಎಳೆದ ಮೇಲೆ ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಅರ್ಧ ನಿಮಿಷ ಬಿಟ್ಟು ಎರಡನೆಯದು. ಒತ್ತಿದ್ದೆಲ್ಲ ಹೊಗೆಯ ಹಾಗೆ ಬಾಯಿಂದ ಹೊರಬಂದರೆ ಔಷಧ ಎದೆಗೆ ಹೋಗಿಲ್ಲ. ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ಕೂಡದಿದ್ದರೆ ಪಂಪಿಗೆ ಜೋಡಿಸುವ ಸ್ಪೇಸರ್ ಎಂಬ ಡಬ್ಬಿ ಕೊಳ್ಳಿ, ಮಕ್ಕಳಿಗಂತೂ ಅದು ಬೇಕೇ ಬೇಕು. ಕ್ಯಾಪ್ಸೂಲ್ ಹಾಕಿ ಎಳೆಯುವ ಬಗೆಯದ್ದಾದರೆ ಜೋರಾಗಿ, ವೇಗವಾಗಿ ಎಳೆಯಬೇಕು. ಆ ಕ್ಯಾಪ್ಸೂಲನ್ನು ಮಾತ್ರೆ ಅಂತ ನೀರು ಕುಡಿದು ನುಂಗುವವರೂ ಇದ್ದಾರೆ. ನಗುವ ವಿಷಯವಲ್ಲ, ಯಾರೂ ಹೇಳಿಕೊಟ್ಟಿರುವುದಿಲ್ಲ ಅಷ್ಟೇ.

ದಿನಾ ಸಾಲ್ಬುಟಮಾಲ್ ಒಂದನ್ನೇ ನಂಬಿ ಓಡಿದರೆ ಅದರ ಕಾಪು ಕ್ರಮೇಣ ಕಡಿಮೆಯಾಗುತ್ತದೆ. ಒಳಗಿನ ಊತ ಹಾಗೇ ಉಳಿಯುತ್ತದೆ. ಅದಕ್ಕೇ ವಾರದಲ್ಲಿ ಹಲವು ಸಲ ಪಂಪ್ ಬೇಕಾಗುವವರಿಗೆ, ರಾತ್ರಿ ಕೆಮ್ಮಿ ಏಳುವವರಿಗೆ, ಎಳೆಯುವ ಸ್ಟೀರಾಯ್ಡ್ ಕೊಡುತ್ತಾರೆ. ಸ್ಟೀರಾಯ್ಡ್ ಅಂದ ಕೂಡಲೇ ಜಿಮ್ ಹುಡುಗರ ಇಂಜೆಕ್ಷನ್ ನೆನಪಿಸಿಕೊಳ್ಳಬೇಡಿ, ಇದು ಬೇರೆ ಜಾತಿಯದು. ಇದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಆರಾಮ ಅನ್ನಿಸಿತು ಅಂತ ನೀವೇ ಬಿಡಬೇಡಿ. ಮಾಂಟೆಲುಕಾಸ್ಟ್ ಮಾತ್ರೆಯೂ ಕೆಲವರಿಗೆ ಉಪಯೋಗ. ಆದರೆ ಕೆಟ್ಟ ಕನಸು, ಸಿಡುಕು, ಮನಸ್ಸು ಕುಗ್ಗುವುದು ಶುರುವಾದರೆ ತಡ ಮಾಡದೆ ಡಾಕ್ಟರಿಗೆ ತಿಳಿಸಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಬಗ್ಗೆ ಕಡು ಎಚ್ಚರಿಕೆ ಕೊಟ್ಟಿದೆ.

ಪಂಪನ್ನು ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಗದಗದ ಏಪ್ರಿಲ್ ಬಿಸಿಲಿಗೆ ಆ ಡಬ್ಬಿ ಕಾಯಬಾರದು. ಎರಡು ಪಂಪ್ ಇದ್ದರೆ ಬಣ್ಣ ನಂಬದೆ ಹೆಸರು ಓದಿ.

ಹೆಜ್ಜೆ 5: ಮೈ ಬಿಸಿ ಮಾಡುವ ಉಪಾಯ

ಇದು ದುಡ್ಡಿಲ್ಲದ ಔಷಧ, ಆದರೂ ಯಾರೂ ಮಾಡುವುದಿಲ್ಲ. ಒಮ್ಮೆ ನಾಳ ಬಿಗಿದು ಸಡಿಲಾದ ಮೇಲೆ ಸುಮಾರು ಅರ್ಧದಷ್ಟು ಜನರಿಗೆ ಒಂದೆರಡು ಗಂಟೆ ಅದು ಮತ್ತೆ ಅಷ್ಟು ಜೋರಾಗಿ ಬಿಗಿಯುವುದಿಲ್ಲ. ಇದನ್ನೇ ಬಳಸಿಕೊಳ್ಳಿ. ಐದು ನಿಮಿಷ ನಡಿಗೆ, ನಿಧಾನ ಓಟ. ಆಮೇಲೆ ಅರ್ಧ ನಿಮಿಷ ಜೋರು ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಆರೇಳು ಸಲ. ಸ್ವಲ್ಪ ಸುಧಾರಿಸಿಕೊಂಡು ಅಸಲು ಓಟಕ್ಕೆ ಇಳಿಯಿರಿ. ಮುಗಿದ ಮೇಲೆ ತಟ್ಟನೆ ನಿಲ್ಲದೆ ಹತ್ತು ನಿಮಿಷ ನಡೆಯಿರಿ.

ಹೆಜ್ಜೆ 6: ಜಾಗ, ಹವೆ, ಧೂಳು

ಡಿಸೆಂಬರ್-ಜನವರಿಯಲ್ಲಿ ಬಿಸಿಲು ಬಿದ್ದ ಮೇಲೆ ಓಡಿ. ಆಗದಿದ್ದರೆ ಬಾಯಿ ಮೂಗಿಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಬಿಟ್ಟ ಉಸಿರಿನ ಬಿಸಿ ತೇವವೇ ಒಳಗೆ ಹೋಗುವ ಗಾಳಿಗೆ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆಯ ಪಕ್ಕ ವಾಹನದ ಹೊಗೆಯಲ್ಲಿ ಓಡುವುದಕ್ಕಿಂತ ಉಣಕಲ್ ಕೆರೆ ದಂಡೆ, ಧಾರವಾಡದಲ್ಲಾದರೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣ ಎಷ್ಟೋ ಮೇಲು. ಆದರೆ ಮಳೆಯ ನಂತರ ಕಾಂಗ್ರೆಸ್ ಕಸ ಹೂ ಬಿಟ್ಟ ಬಯಲಿನ ಪಕ್ಕ ಬೇಡ, ಅದರ ಪರಾಗ ಹಲವರಿಗೆ ಆಗಿಬರುವುದಿಲ್ಲ. ಜೋಳ, ಕಡಲೆಯ ರಾಶಿ ನಡೆಯುವ ಹೊಲದ ಗಾಳಿಗೂ ಹೋಗಬೇಡಿ. ಬ್ಯಾಡಗಿಯವರಿಗೆ ಬೇರೆ ಹೇಳಬೇಕಿಲ್ಲ: ಮೆಣಸಿನಕಾಯಿ ಸೀಜನ್‌ನಲ್ಲಿ ಮಾರುಕಟ್ಟೆ ಸುತ್ತ ಓಡದವರಿಗೂ ಕೆಮ್ಮು ಬರುತ್ತದೆ.

ನೆಗಡಿ, ಜ್ವರ ಇದ್ದಾಗ ಓಟಕ್ಕೆ ರಜೆ. ಒಂದೇ ಸಮನೆ ಓಡುವ ಆಟಕ್ಕಿಂತ ನಡುನಡುವೆ ಸುಧಾರಿಸಿಕೊಳ್ಳಲು ಬಿಡುವು ಸಿಗುವ ಕಬಡ್ಡಿ, ವಾಲಿಬಾಲ್ ಸುಲಭ. ಓಟವೇ ಬೇಕು ಅನ್ನುವವರು ಬಿಡಬೇಕಿಲ್ಲ.

ದಮ್ಮು ಜೋರಾದರೆ

ಓಟ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸುತ್ತ ಗುಂಪು ಕಟ್ಟಬೇಡಿ. ಸಾಲ್ಬುಟಮಾಲ್ ಒಂದು ಪಫ್, ಅರ್ಧದಿಂದ ಒಂದು ನಿಮಿಷ ಬಿಟ್ಟು ಇನ್ನೊಂದು, ಹೀಗೆ ಹತ್ತರ ತನಕ ಕೊಡಬಹುದು. ಸ್ಪೇಸರ್ ಇದ್ದರೆ ಒಳ್ಳೆಯದು. ಆದರೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗುತ್ತಿದೆ ಎಂದಾದರೆ ಹತ್ತರ ಲೆಕ್ಕ ಕಾಯದೆ ಮೊದಲೇ ಫೋನ್ ಮಾಡಿ.

ಸ್ಪರ್ಧೆಗೆ ಹೋಗುವವರಿಗೆ

ನೇಮಕಾತಿಯಲ್ಲಿ ಹೆಸರು ಹೋದೀತು ಅಂತ ಮುಚ್ಚಿಡುವವರು ಬಹಳ. ವೈದ್ಯಕೀಯ ನಿಯಮ ಹುದ್ದೆಯಿಂದ ಹುದ್ದೆಗೆ ಬೇರೆ ಇರುತ್ತದೆ, ಅಧಿಸೂಚನೆ ಓದಿಕೊಳ್ಳಿ. ಚಿಕಿತ್ಸೆ ಇಲ್ಲದೆ ಓಡಿ ಟ್ರ್ಯಾಕ್ ಮೇಲೇ ಕುಸಿದರೆ ಹೆಸರೂ ಹೋಗುತ್ತದೆ, ಜೀವಕ್ಕೂ ಅಪಾಯ.

ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡುವವರು ಉದ್ದೀಪನ ಮದ್ದಿನ ನಿಯಮ ತಿಳಿದಿರಬೇಕು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಪ್ರಕಾರ ಎಳೆಯುವ ಸಾಲ್ಬುಟಮಾಲ್‌ಗೆ 24 ಗಂಟೆಯಲ್ಲಿ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೈಕ್ರೋಗ್ರಾಂ ಮಿತಿ. ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಇರುತ್ತದೆ. ಅದೇ ಸಾಲ್ಬುಟಮಾಲ್ ಮಾತ್ರೆ, ಸಿರಪ್ ರೂಪದಲ್ಲಿ ನಿಷಿದ್ಧ. ಟರ್ಬುಟಲಿನ್ ಕೂಡ ನಿಷಿದ್ಧ, ಮತ್ತು ನಮ್ಮ ಮೆಡಿಕಲ್ ಶಾಪುಗಳಲ್ಲಿ ಕೆಮ್ಮಿಗೆ ಕೊಡುವ ಎಷ್ಟೋ ಸಿರಪ್‌ಗಳಲ್ಲಿ ಇರುವುದು ಅದೇ. ಪಂದ್ಯದ ಹಿಂದಿನ ದಿನ ಮನೆಯಲ್ಲಿದ್ದ ಬಾಟಲಿಯಿಂದ ಎರಡು ಚಮಚ ಕುಡಿಯುವ ಮುಂಚೆ ಲೇಬಲ್ ಓದಿ, ಡಾಕ್ಟರಿಗೂ ಕೋಚ್‌ಗೂ ತೋರಿಸಿ.