ಸಹಿಗೆ ಮೊದಲು ಕಂತಿನ ಲೆಕ್ಕ

ನನ್ನ ತಮ್ಮ, ಸಾಲ ಮಾಡಿ ಮಾಹಿತಿ ತಂತ್ರಜ್ಞಾನ ನಿರ್ವಹಣೆಯ ಎಂಬಿಎ ಓದುತ್ತೇನೆಂದಾಗ, ಬ್ಯಾಡಗಿಯಲ್ಲಿ ಅಪ್ಪನ ಮೆಣಸಿನಕಾಯಿ ಪಟ್ಟಿಯ ಹಿಂಬದಿಯಲ್ಲೇ ಲೆಕ್ಕ ಬರೆದೆ. ನೀವೂ ಹೀಗೆ ಬರೆಯಿರಿ. ಸಾಲ 6 ಲಕ್ಷ, ಬಡ್ಡಿ ಶೇ. 10. ಓದುವ 2 ವರ್ಷ, ಆಮೇಲೆ ಇನ್ನೊಂದು ವರ್ಷ ಕಂತಿಲ್ಲ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಹಣವನ್ನೆಲ್ಲ ಮೊದಲೇ ಪಡೆದರೆ, ಮೂರು ವರ್ಷದ ಸರಳ ಬಡ್ಡಿ ಸೇರಿ ಸಾಲ 7.8 ಲಕ್ಷವಾಗುತ್ತದೆ. 7 ವರ್ಷಕ್ಕೆ ತಿಂಗಳ ಕಂತು ಸುಮಾರು 12,950 ರೂಪಾಯಿ.

ಇನ್ನು ಸಂಬಳ. ಜಾಹೀರಾತಿನ ಗರಿಷ್ಠ ಪ್ಯಾಕೇಜ್ ಬಿಡಿ. ಕಳೆದ ವರ್ಷ ಓದು ಮುಗಿಸಿದ ನಾಲ್ವರಿಗೆ ಫೋನ್ ಮಾಡಿ, ಕೈಗೆ ಬರುವುದೆಷ್ಟು ಎಂದು ಕೇಳಿ. ತಿಂಗಳಿಗೆ 28,000 ಎಂದರೆ, ಕಂತು ಅದರ ಮೂರನೇ ಒಂದು ಪಾಲು, ಅಂದರೆ ಸುಮಾರು 9,300, ಮೀರಬಾರದು. ಇದು ನನ್ನ ಹಟ.

ತಮ್ಮ ಹುಬ್ಬಳ್ಳಿಯ ನನ್ನ ಮನೆಯಲ್ಲಿದ್ದು, ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಓಡಾಡಿದ. ಹಾಸ್ಟೆಲ್ ಖರ್ಚು ಉಳಿದು ಸಾಲ 4 ಲಕ್ಷಕ್ಕೆ ಇಳಿಯಿತು, ಕಂತು 8,630ಕ್ಕೆ.