ಕನ್ನಡದಿಂದ ಬ್ರೈಲ್‌ಗೆ, ವಾಪಸ್ ಕನ್ನಡಕ್ಕೆ: ನನ್ನ ಅನುಭವ

"ಬ್ರೈಲ್‌ಗೆ ಹಾಕೋದೇನೋ ಸರಿ, ವಾಪಸ್ ಕನ್ನಡಕ್ಕೆ ತರೋದು ಆಗಲ್ಲ ಬಿಡಿ" ಅಂದೋರೇ ಜಾಸ್ತಿ. ಈಗ ಆಗ್ತಿದೆ. ಮೊನ್ನೆ ಇನ್ನೂರು ಚಿಲ್ಲರೆ ಪುಟದ ಪುಸ್ತಕ ಒಂದನ್ನ ಬ್ರೈಲ್ ಮಾಡಿ, ಅದೇ ಬಿಆರ್‌ಎಫ್ (ಬ್ರೈಲ್ ಚುಕ್ಕೆಗಳನ್ನ ಹಿಡಿದಿಡೋ) ಫೈಲನ್ನ ಮತ್ತೆ ಕನ್ನಡ ಮಾಡಿ ಮೂಲದ ಪಕ್ಕ ಇಟ್ಟು ನೋಡಿದ್ರೆ ವ್ಯತ್ಯಾಸ ಬಂದಿದ್ದು ಹತ್ತೋ ಹದಿನೈದೋ ಪದ ಅಷ್ಟೇ.

ಭಾರತಿ ಬ್ರೈಲ್ (ಭಾರತೀಯ ಭಾಷೆಗಳ ಬ್ರೈಲ್ ಲಿಪಿ) ಗೊತ್ತಿರೋರಿಗೆ ಬೇಸಿಕ್ಸ್ ಹೇಳಲ್ಲ. ಹೊಸಬರಿಗೆ ಇಷ್ಟು: ಒಂದೊಂದು ಅಕ್ಷರಕ್ಕೂ 1ರಿಂದ 6ರವರೆಗೆ ನಂಬರ್ ಇರೋ ಆರು ಚುಕ್ಕೆ ಜಾಗ, ಮುಂದೆ 245 ಅಂದ್ರೆ 2, 4, 5ನೇ ಚುಕ್ಕೆ ಎದ್ದಿದೆ ಅಂತ. ಲಿಬ್‌ಲೂಯಿ (ಟೆಕ್ಸ್ಟನ್ನ ಬ್ರೈಲ್ ಮಾಡೋ ಸಾಫ್ಟ್‌ವೇರ್) ಇದೆಯಲ್ಲ ಅಂತ ಕೇಳ್ತೀರ, ಇದೆ, ಒಳ್ಳೇದೇ, ಆದ್ರೆ ನನಗೆ ಬರೋ ಟೆಕ್ಸ್ಟ್ ಎಲ್ಲಾ ಹಳೇ ಡಿಟಿಪಿ ಮಾಲು, ನುಡಿ ಫಾಂಟಿಂದ ಯೂನಿಕೋಡ್‌ಗೆ ಬಂದಿರೋದು, ಅದಕ್ಕೆ ಪೈಥಾನಲ್ಲಿ ನಂದೇ ಸ್ಕ್ರಿಪ್ಟ್ ಬರ್ಕೊಂಡೆ.

ಮೊದಲ ಏಟು ಬಿದ್ದಿದ್ದು ಸೊನ್ನೆಯಿಂದ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಒತ್ತೋರು ಎಷ್ಟು ಜನ ಅಂತೀರ! ಸ್ಕ್ರೀನ್ ಮೇಲೆ ನೋಡಿದ್ರೆ ಎರಡೂ ಒಂದೇ. ಬ್ರೈಲ್‌ನಲ್ಲಿ ಅನುಸ್ವಾರ 5, 6ನೇ ಚುಕ್ಕೆಗಳು, ಸೊನ್ನೆಗಾದ್ರೆ ಮೊದಲು ಅಂಕಿ ಚಿಹ್ನೆ 3456, ಆಮೇಲೆ 245. 3456 ಅಂದ್ರೆ ಣ, 245 ಅಂದ್ರೆ ಜ ಕೂಡ ಹೌದು, ಹಾಗಾಗಿ ಓದೋರ ಬೆರಳಿಗೆ "ನಂತರ" ಹೋಗಿ "ನಣಜತರ" ಸಿಗುತ್ತೆ. ಇದು ಗೊತ್ತಾಗಿದ್ದು ಎಂಬಾಸ್ ಮಾಡಿಸಿ (ಹಾಳೆ ಮೇಲೆ ಚುಕ್ಕೆ ಉಬ್ಬಿಸಿ) ಹಾಳೆ ಕೈಗೆ ಬಂದ್ಮೇಲೆ, ದಪ್ಪ ಹಾಳೆ ಜಾಬ್‌ವರ್ಕ್ ಎಲ್ಲಾ ಸೇರಿ ಏಳೆಂಟು ಸಾವಿರ ರದ್ದಿಗೆ ಹೋಯ್ತು. ಸ್ವಂತ ಎಂಬಾಸರ್ ಅಂದ್ರೆ ಲಕ್ಷಗಟ್ಟಲೆ, ಆ ಮಾತೇ ಬೇಡ.

ಅಸಲಿ ತಲೆನೋವು ವಾಪಸ್ ಬರೋ ದಾರಿದು. ಅಂಕಿ ಚಿಹ್ನೆನೂ 3456, ಣ ಅಕ್ಷರನೂ 3456. ಇ, ಅದರ ಗುಡಿಸು, 9 ಮೂರಕ್ಕೂ 24. ಹಾಗಾಗಿ ರಾಣಿ ಹೋಗಿ "ರಾ9", ಪ್ರಾಣಿ ಹೋಗಿ "ಪ್ರಾ9". ಪರಿಹಾರ ಸಿಂಪಲ್: ಣ ಇಂದ ಶುರುವಾಗೋ ಪದ ಕನ್ನಡದಲ್ಲಿ ಇಲ್ಲ ಅಂತಲೇ ಲೆಕ್ಕ, ಸೋ ಪದದ ಮೊದಲಲ್ಲಿ ಬಂದ್ರೆ ಅಂಕಿ, ನಡುವೆ ಬಂದ್ರೆ ಣ. ಆದ್ರೆ ಅಂಕಿ ಮುಗಿಯೋದೆಲ್ಲಿ? "5ಗಂಟೆ" ಅಂತ ಅಂಟಿಸಿ ಟೈಪ್ ಮಾಡಿದ್ರೆ ಗ-ಗೂ 7ಕ್ಕೂ ಒಂದೇ ಚುಕ್ಕೆ, 57 ಆಗ್ಬಿಡುತ್ತೆ, "6ಜನ" ಅಂದ್ರೆ 60 ಆಮೇಲೆ ಒಂಟಿ ನ. ಅದಕ್ಕೆ ಬ್ರೈಲ್ ಮಾಡೋಕೆ ಮುಂಚೆನೇ ಅಂಕಿ ಪಕ್ಕ ಸ್ಪೇಸ್ ತುರುಕ್ತೀನಿ. ಸ್ಪೇಸ್ ಹಾಕಬಾರದ ಕಡೆ ಏನ್ಮಾಡ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ರನೇ ಇರ್ಲಿ.

ರೂಲುಗಳ ಆರ್ಡರ್ ಮುಖ್ಯ. ಕ್ಷ (12345), ಜ್ಞ (156) ಮೊದಲು ಹಿಡೀಬೇಕು, ಆಮೇಲೆ ಒತ್ತಕ್ಷರ. ಇಲ್ಲಾಂದ್ರೆ ಕ್ಷ ಬಿಡಿಬಿಡಿಯಾಗಿ 4ನೇ ಚುಕ್ಕೆ, ಕ, ಷ ಅಂತ ಬೀಳುತ್ತೆ. ಹಲಂತದ (ಅಕ್ಷರದ ಸ್ವರ ತೆಗೆಯೋ ಚಿಹ್ನೆ) 4ನೇ ಚುಕ್ಕೆ ಅಕ್ಷರಕ್ಕಿಂತ ಮುಂಚೆ ಬರುತ್ತಲ್ಲ, "ಅಕ್ಕ" ಅಂದ್ರೆ ಅ, 4, ಕ, ಕ, ವಾಪಸ್ ಬರೋವಾಗ ಇದನ್ನ ಉಲ್ಟಾ ಮಾಡೋದು ಮರೀಬೇಡಿ. "ಸಾಫ್ಟ್‌ವೇರ್" ಥರ ಪದಗಳಲ್ಲಿ ಕಣ್ಣಿಗೆ ಕಾಣದ ನಾನ್-ಜಾಯ್ನರ್ (ಮುಂದಿನ ಅಕ್ಷರ ಒತ್ತಾಗದಂತೆ ತಡೆಯೋ ಕೋಡ್) ಕೂತಿರುತ್ತೆ, ಅದನ್ನ ಶುರುವಲ್ಲೇ ಕಿತ್ತು ಬಿಸಾಕಿ. ಓಕಾರ ಕೆಲವು ಫೈಲಲ್ಲಿ ಒಂದೇ ಕೋಡ್, ಕೆಲವದರಲ್ಲಿ ಮೂರು ತುಂಡು, ನಾರ್ಮಲೈಸ್ ಮಾಡದೆ (ಎಲ್ಲಾ ಒಂದೇ ರೂಪಕ್ಕೆ ತರದೆ) ಮುಂದೆ ಹೋಗೋದು ದಂಡ.

ನಡುವೆ ಒಂದು ಹುಚ್ಚು ಸಾಹಸನೂ ಆಯ್ತು, ಹಳೇ ಬ್ರೈಲ್ ಹಾಳೆಗಳನ್ನ ಮೊಬೈಲ್ ಕ್ಯಾಮರಾದಲ್ಲಿ ಓದಿಸೋದು. ಚುಕ್ಕೆ ಎತ್ತರ ಅರ್ಧ ಮಿಲಿಮೀಟರ್ ಆಸುಪಾಸು, ಮೇಲಿಂದ ಬೆಳಕು ಬಿಟ್ರೆ ಬರೀ ಬಿಳಿ ಹಾಳೆ. ಟಾರ್ಚನ್ನ ಟೇಬಲ್ ಮಟ್ಟಕ್ಕೆ ಇಳಿಸಿ ಒಂದೇ ಕಡೆಯಿಂದ ಬಿಟ್ರೆ ನೆರಳು ಬೀಳುತ್ತೆ, ಚುಕ್ಕೆ ಸಿಗುತ್ತೆ. ಎರಡೂ ಬದಿ ಎಂಬಾಸ್ ಆಗಿರೋ ಹಾಳೆಯಲ್ಲಿ ಉಬ್ಬಿಗೂ ತಗ್ಗಿಗೂ ನೆರಳು ತಿರುಗುಮುರುಗು, ಅಲ್ಲಿ ನೂರಕ್ಕೆ ಎಪ್ಪತ್ತು ಅಕ್ಷರ ಸರಿ ಬಂದ್ರೆ ಪುಣ್ಯ. ಸ್ಲೇಟು, ಸ್ಟೈಲಸ್‌ನಲ್ಲಿ (ಚುಕ್ಕೆ ಒತ್ತೋ ಚೌಕಟ್ಟು, ಮೊನೆಕಡ್ಡಿ) ಕೈಯಿಂದ ಬರೆದಿದ್ದು ಒಂದೇ ಬದಿ ಇದ್ರೆ ತೊಂಬತ್ತು ದಾಟುತ್ತೆ.

ಈಗ ನಾನೇ ಡ್ರಾಫ್ಟ್ ಪ್ರಿಂಟ್ ಹಾಕಿಸಲ್ಲ, ಫೈಲ್ ವಾಪಸ್ ಕನ್ನಡ ಮಾಡಿ ಅಲ್ಲೇ ತಿದ್ದಿ, ಕೊನೇ ಕಾಪಿ ಮಾತ್ರ ಬೆರಳಲ್ಲಿ ಓದೋ ಪ್ರೂಫ್‌ರೀಡರ್‌ಗೆ. ಖರ್ಚು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ. ಗಣಿತದ ಪುಸ್ತಕ ಆಗುತ್ತಾ ಅಂತ ಮಾತ್ರ ಕೇಳ್ಬೇಡಿ, ಅದು ನೆಮೆತ್ ಕೋಡು (ಗಣಿತಕ್ಕಂತಲೇ ಇರೋ ಬೇರೆ ಬ್ರೈಲ್ ಪದ್ಧತಿ), ಅದಕ್ಕಿನ್ನೂ ಕೈ ಹಾಕಿಲ್ಲ.