ನೂರು ರೂಪಾಯಿ ಚಂದಾದಲ್ಲಿ ನಮಗೆ ಉಳಿಯುವುದೆಷ್ಟು?

ದಾವಣಗೆರೆಯ ವಿದ್ಯಾನಗರದ ಒಂದು ಕೋಣೆಯಿಂದ ಸ್ಪರ್ಧಾತ್ಮಕ ಪರೀಕ್ಷೆಗಳ ಆ್ಯಪ್ ನಡೆಸುತ್ತೇನೆ. ಚಂದಾದಾರರಲ್ಲಿ ಹೆಚ್ಚಿನವರು ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರು. 2023ರಲ್ಲಿ ಶುರು ಮಾಡಿದಾಗ ತೆರಿಗೆ ಬಿಟ್ಟು ತಿಂಗಳಿಗೆ 100 ರೂಪಾಯಿ ದರ ಇಟ್ಟೆ. ಅದರಲ್ಲಿ 15 ರೂಪಾಯಿ ಗೂಗಲ್ ಪ್ಲೇ ಪಾಲು ಎಂದಾಗ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಮಾವ, "ಇಷ್ಟು ದಲಾಲಿ ಕೇಳಿದರೆ ರೈತರು ಗಾಡಿ ತಿರುಗಿಸಿಕೊಂಡು ಹೋಗುತ್ತಾರಪ್ಪ" ಎಂದರು. ತಿರುಗಿಸಲು ನನಗೆ ಬೇರೆ ಮಂಡಿ ಎಲ್ಲಿತ್ತು?

ಇತ್ತು ಎನ್ನುವವರೂ ಇದ್ದರು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಪ್ಲೇನಲ್ಲಿ ತನ್ನದೇ ಪಾವತಿ ವ್ಯವಸ್ಥೆ ಹೇರಿದ್ದಕ್ಕೆ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ವಿಧಿಸಿದ ಮೇಲೆ, ಆ್ಯಪ್‌ನವರು ತಮ್ಮದೇ ಪಾವತಿ ವ್ಯವಸ್ಥೆಯನ್ನೂ ಜೊತೆಗಿಡುವ ದಾರಿ ತೆರೆಯಿತು. ಆದರೆ ಹಾಗೆ ಮಾಡಿದರೆ ಕಮಿಷನ್ ಇಳಿಯುವುದು 4 ರೂಪಾಯಿ ಮಾತ್ರ. ಗ್ರಾಹಕರಿಂದ ಹಣ ಪಡೆದು ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇಗೆ ಸುಮಾರು 2 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಪ್ರತಿ ವಹಿವಾಟಿನ ಲೆಕ್ಕವನ್ನು 24 ಗಂಟೆಯೊಳಗೆ ಗೂಗಲ್‌ಗೆ ಒಪ್ಪಿಸಬೇಕು, ಹಣ ವಾಪಸಾತಿಯ ದೂರುಗಳೂ ನಮ್ಮ ತಲೆಗೆ. ಎರಡು ರೂಪಾಯಿಯೂ ಉಳಿಯದ ಉಸಾಬರಿ ಬೇಡವೆಂದೆ.

ಉಳಿತಾಯ ಸಿಕ್ಕಿದ್ದು ಬೇರೆ ಕಡೆ. ಗೂಗಲ್‌ಗೆ ಕಮಿಷನ್ ಕೊಡಬೇಕೆಂಬ ಈ ನಿಯಮ ಡಿಜಿಟಲ್ ಸರಕಿಗೆ ಮಾತ್ರ. ಮುದ್ರಿತ ಪ್ರಶ್ನೆಪತ್ರಿಕೆಗಳನ್ನು ಆ್ಯಪ್‌ನಲ್ಲೇ ಯುಪಿಐ ಮೂಲಕ ಮಾರಿದರೂ ಕಮಿಷನ್ ಇಲ್ಲ. ವೆಬ್‌ಸೈಟ್‌ನಲ್ಲಿ ಚಂದಾ ಕಟ್ಟಿದವರು ಆ್ಯಪ್‌ಗೆ ಲಾಗಿನ್ ಆಗಿ ಓದಬಹುದು. ಆದರೆ "ಅಲ್ಲಿ ಅಗ್ಗ" ಎಂದು ಆ್ಯಪ್‌ನೊಳಗೆ ಕೊಂಡಿ ಕೊಡುವಂತಿರಲಿಲ್ಲ. ಇಮೇಲ್‌ಗೆ, ಕರಪತ್ರಕ್ಕೆ ಅಡ್ಡಿಯಿರಲಿಲ್ಲ. ವೆಬ್ ದರವನ್ನು 90 ರೂಪಾಯಿಗೆ ಇಳಿಸಿ, ಓದುವ ಹುಡುಗರು ಸೇರುವ ಗ್ರಂಥಾಲಯ, ಮೆಸ್‌ಗಳ ಮುಂದೆ ಕ್ಯೂಆರ್ ಕೋಡ್ ಇರುವ ಚೀಟಿ ಹಂಚಿದೆ. ಅಲ್ಲಿಂದ ಬಂದವರೇ ಹೆಚ್ಚು ಕಾಲ ಉಳಿದಿದ್ದಾರೆ.

ಐಫೋನ್ ಆವೃತ್ತಿಯನ್ನು ಮುಂದೂಡಿದೆ. ಡೆವಲಪರ್ ಖಾತೆಗೆಂದು ಗೂಗಲ್‌ಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು, ಆಪಲ್‌ಗೆ ವರ್ಷ ವರ್ಷವೂ 99 ಡಾಲರ್. ಚಂದಾದಲ್ಲಿ ಆಪಲ್ ಪಾಲು ಮೊದಲ ವರ್ಷ ಶೇ 30, ನಂತರ ಶೇ 15. ಸಣ್ಣವರಿಗೆ ಮೊದಲಿನಿಂದಲೇ ಶೇ 15ರ ಯೋಜನೆ ಇದೆ, ಆದರೆ ಅದಕ್ಕೆ ನಾವೇ ಅರ್ಜಿ ಹಾಕಬೇಕು. ಒಬ್ಬ ಶಿಕ್ಷಕ ಒಬ್ಬನೇ ವಿದ್ಯಾರ್ಥಿಗೆ ನೇರ ಪಾಠ ಹೇಳಿದರೆ ಆಪಲ್‌ನ ಪಾವತಿ ವ್ಯವಸ್ಥೆ ಕಡ್ಡಾಯವಲ್ಲ. ಗುಂಪಿಗೆ ಹೇಳಿದರೆ ಕಡ್ಡಾಯ. ನಮ್ಮದು ಗುಂಪು ಪಾಠ.

ಕೋಡ್ ಬರೆಯುವವರಿಗೆ ಒಂದು ಮಾತು: ಪ್ಲೇ ಮೂಲಕ ಬಂದ ಖರೀದಿಯನ್ನು ಮೂರು ದಿನದೊಳಗೆ ನಿಮ್ಮ ಸರ್ವರ್ ದೃಢೀಕರಿಸದಿದ್ದರೆ ಹಣ ತಾನಾಗಿ ಗ್ರಾಹಕನಿಗೆ ಮರಳುತ್ತದೆ. ಇನ್ನು, ಖಾತೆಯಲ್ಲಿ ಹಣವಿಲ್ಲದೆ ನವೀಕರಣ ನಿಂತರೆ ಕೂಡಲೇ ಬಾಗಿಲು ಹಾಕಬೇಡಿ. ಆ್ಯಪ್ ನಿರ್ವಹಿಸುವ ಪ್ಲೇ ಕನ್ಸೋಲ್‌ನಲ್ಲಿ ಒಂದು ವಾರದ ಹೆಚ್ಚುವರಿ ಅವಧಿ ಇಟ್ಟಿದ್ದೇನೆ. ಊರಿಂದ ದುಡ್ಡು ಬರುವುದು ತಡವಾದ ಹುಡುಗರು ಆ ವಾರದಲ್ಲಿ ಕಟ್ಟಿಬಿಡುತ್ತಾರೆ.